ಖ್ಯಾತಿಯ

ಪೋಸ್ಟರು ಅಂಟಿಸಿದವನು ನಾನೇ,
ಮೈದಾ ಕಾಸಿ, ರಾತ್ರಿ ಹನ್ನೊಂದರ ಮೇಲೆ,
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಕಾಂಪೌಂಡಿಗೆ ಒಂದು,
ಬಸ್‌ಸ್ಟ್ಯಾಂಡಿನ ಉಚ್ಚೆಗೋಡೆಗೆ ಎರಡು.
'ಕರಿಬಂಡೆ ಖ್ಯಾತಿಯ' ಅಂತ ಮೊಳದುದ್ದ ಅಕ್ಷರ,
ಕೆಳಗೆ, ಫೋನ್ ನಂಬರಿಗಿಂತ ಚೂರೇ ದಪ್ಪ,
ಹಿದಾಯತ್.

ಪ್ರೆಸ್ಸಿನ ಗವಿರಂಗಪ್ಪನನ್ನು ಕೇಳಿದ್ದಕ್ಕೆ,
'ಬಂಡೆ ನೋಡಿ ಬರ್ತಾರಪ್ಪ ಜನ.
ಬರೀ ಹಿದಾಯತ್ ಅಂದ್ರೆ
ಮೋಟಾರ್ ರಿವೈಂಡಿಂಗ್ ಅಂಗಡಿ ಅಂದ್ಕೋತಾರೆ.'

ಹದಿನಾಲ್ಕು ವರ್ಷ ಅವರ ಜೊತೆ ಹಾಡಿದ.
ಐದು ಜನ. ಹೊಗೆ ಉಗುಳುವ ಮಿಷನ್ನು,
ಸಿಂಗಾಪುರದ ಸ್ಟೇಜು,
ಹೈದರಾಬಾದಲ್ಲಿ ಒಂದು ರಾತ್ರಿ
ನೆನೆಯುತ್ತ ನಿಂತ ಇಪ್ಪತ್ತು ಸಾವಿರ ತಲೆ.
ಯಾಕೆ ಬಿಟ್ಟೆಯೋ ಅಂದರೆ ಒಮ್ಮೆ ದುಡ್ಡು ಅಂದ,
ಒಮ್ಮೆ ಡ್ರಮ್ಮಿನವನ ಕೊಬ್ಬು ಅಂದ,
ಮೂರನೇ ಸಲ ಏನೂ ಅನ್ನದೆ
ನನ್ನ ಕೇಬಲ್ ತಗೊಂಡು ಸುತ್ತತೊಡಗಿದ,
ಅಂಗೈಯಿಂದ ಮೊಳಕೈಗೆ, ಮೊಳಕೈಯಿಂದ ಅಂಗೈಗೆ,
ಎಂಟನೇ ಕ್ಲಾಸಿನಲ್ಲಿ ನಾನು ಕಲಿಸಿದ ಹಾಗೇ.

ಊರೆಲ್ಲ ಬಾಯಿಪಾಠ ಇರುವ ಆ ಹಾಡು
ಅವನೇ ಕಟ್ಟಿದ್ದು, ಅವನಮ್ಮನ ಬಿಚ್ಚಣಿಕೆ ಶೆಡ್ಡಿನಲ್ಲಿ,
ಚರಕದ ಕಟಕಟವನ್ನೇ ತಾಳ ಮಾಡಿಕೊಂಡು.
ನಾನಿದ್ದೆ. ಬಾಯ್ಲರಿನ ಹಬೆಗೆ ಕಣ್ಣು ಉರಿಯುತ್ತಿತ್ತು.
ಈಗ ವಕೀಲರ ಕಾಗದದಲ್ಲಿ ಅದು ಕರಿಬಂಡೆಯ ಸೊತ್ತು.
ಸ್ನಾನದ ಮನೆಯಲ್ಲಿ ಹಾಡಬಹುದೇನೋ,
ಅದನ್ನು ಕಾಗದದಲ್ಲಿ ಬರೆದಿರಲಿಲ್ಲ.

ಶಾದಿ ಮಹಲಿನಲ್ಲಿ ಇನ್ನೂರು ಕುರ್ಚಿ ಹಾಕಿಸಿದ್ದೆ.
ಬಂದವರು ನಲವತ್ತಮೂರು,
ಅದರಲ್ಲಿ ಆರು ಜನ ಕುರ್ಚಿ ವಾಪಸ್ ಒಯ್ಯಲು ಬಂದವರು.
ಅಭ್ಯಾಸಬಲ, ಐದು ಚಾನೆಲ್ ತೆರೆದಿಟ್ಟಿದ್ದೆ;
ನಾಲ್ಕರಲ್ಲಿ ಬರೀ ಫ್ಯಾನಿನ ಗಾಳಿ ಬಂತು.
ಒಂದೊಂದೇ ಇಳಿಸಿದೆ.
ಇಳಿಸಿದಂತೆಲ್ಲ ಅವನು ಹತ್ತಿರ ಬಂದ,
ಎಷ್ಟು ಹತ್ತಿರ ಅಂದರೆ
ಎಂಜಲು ನುಂಗಿದ್ದು ಕೇಳಿತು,
ಸಾಲು ಮುಗಿಯುವ ಮೊದಲೇ ಉಸಿರು ಕದಿಯುವ
ಪ್ರೇಯರಿನಲ್ಲಿ ಮೇಷ್ಟ್ರು ಬೈಯುತ್ತಿದ್ದ ಆ ಹಳೇ ಚಾಳಿ
ಎರಡು ಗಿಟಾರಿನ ಹಿಂದೆ ಇಷ್ಟು ವರ್ಷ
ಅವಿತು ಕೂತಿದ್ದದ್ದು, ಕೇಳಿತು.

'ಬಂಡೇ! ಬಂಡೇ!' ಹಿಂದಿನ ಸಾಲು ಕೂಗಿತು.
ಅವನು ತಂತಿ ಬಿಗಿಮಾಡಿದ.
ಇನ್ನೊಮ್ಮೆ ಕೂಗಿದರು. ಇನ್ನೊಮ್ಮೆ ಬಿಗಿಮಾಡಿದ.
ಆಮೇಲೆ ಯಾರೂ ಕೇಳದ ಹಾಡು ಹಾಡಿದ,
ಅಮ್ಮನ ಬೆರಳುಗಳ ಮೇಲೆ,
ಕುದಿನೀರಿಗೆ ಅದ್ದಿ ಅದ್ದಿ ಗೆರೆ ಅಳಿಸಿಹೋಗಿ
ರೇಷನ್ ಅಂಗಡಿಯ ಮಿಷನ್ನು ಗುರುತಿಸದ ಬೆರಳುಗಳ ಮೇಲೆ.
ಏಳು ಜನ ಎದ್ದು ಹೋದರು.
ಕುರ್ಚಿಯವರಲ್ಲಿ ಒಬ್ಬ ಕೂತ.

ರಾತ್ರಿ ಶೆಡ್ಡಿಗೆ ಹೋದರೆ ಜೈತೂನ್‌ಬಿ
ಹೊಸ ಹುಡುಗಿಯನ್ನು ಬೈಯುತ್ತಿದ್ದರು:
ಎಂಟು ಗೂಡಿನ ಎಳೆ ಸೇರಿಸು ಅಂದರೆ
ಒಂದನ್ನೇ ಬಿಟ್ಟಿದ್ದೀಯಲ್ಲೇ, ರಾಟೆಗೆ ನಿಲ್ಲತ್ತಾ ಅದು?
ಬೆಳಕಿಗೆ ಹಿಡಿದು ತೋರಿಸಿದರು.
ನನಗೆ ಕಾಣಲಿಲ್ಲ. ಬೆರಳಿಗೇನೋ ತಾಗಿತು.
ಹುಳ ಸುತ್ತಿಕೊಂಡದ್ದು ಮಾತ್ರ ಇದೊಂದನ್ನೇ,
ಸಾವಿರ ಮೀಟರು, ಕತ್ತಲಲ್ಲಿ, ತುಂಡಾಗದಂತೆ.
ಇದನ್ನು ಹಿದಾಯತನಿಗೆ ಹೇಳಲಿಲ್ಲ.
ಹೇಳಿದರೆ ಹಾಡು ಮಾಡಿಬಿಡುತ್ತಾನೆ,
ನನ್ನ ಬಾಕ್ಸಿನ ಬಾಡಿಗೆಯೇ ಇನ್ನೂ ಬಾಕಿ.

ಬೆಳಿಗ್ಗೆ ಚಹಾಕ್ಕೆ ಮಾರ್ಕೆಟ್ಟಿನ ಕಡೆ ಹೋದೆವು.
ಮೈದಾ ರುಚಿಗೆ ಬಿದ್ದ ಮೇಕೆಯೊಂದು
ಪೋಸ್ಟರಿನ ಕೆಳಗಿನರ್ಧ ಎಳೆದು ತಿಂದಿತ್ತು.
'ಕರಿಬಂಡೆ ಖ್ಯಾತಿಯ'
ಅದರ ಕೆಳಗೆ ಬರೀ ಗೋಡೆ.
ನಾನು ಮೇಕೆಗೆ ಕಲ್ಲು ಹುಡುಕಿದೆ.
ಅವನು ನಕ್ಕು, ಲೋಟ ಹಿಡಿದು,
ಸರಿಯಾಗಿ ಆ ಖಾಲಿ ಜಾಗಕ್ಕೇ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ,
'ಗೌರಿಬಿದನೂರಿಗೆ ಎರಡು ಬಾಕ್ಸು ಸಾಕು' ಅಂದ.
ಮೇಕೆ ದೂರ ನಿಂತು
ಫೋನ್ ನಂಬರನ್ನು ಇನ್ನೂ ಅಗಿಯುತ್ತಿತ್ತು.